ಕಾಫಿ ಕುಡಿದವರ ವರದಿ

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಗಾದೆ ಕಟ್ಟಿದವರು ಈ ಬ್ಯಾಂಕನ್ನು ನೋಡಿರಲಿಲ್ಲ. ಇದು ಬಸ್ ಸ್ಟ್ಯಾಂಡಿನ ಎದುರು ಬೋರ್ಡು ಹಾಕಿಕೊಂಡು ಕೂತ ಬ್ಯಾಂಕಲ್ಲ. ದೇಶಗಳಿಗೇ ಸಾಲ ಕೊಡುವ ಬ್ಯಾಂಕು. ನಮ್ಮ ದೇಶವೂ ಅದರ ಸದಸ್ಯ, ಅಂದರೆ ಪಾಲುದಾರ. ಆ ಲೆಕ್ಕದಲ್ಲಿ ಚಿಂತಮಾನುಪಲ್ಲಿಯ ನನ್ನ ದೊಡ್ಡಮ್ಮ ಬೈರಮ್ಮನೂ ಅದರ ಯಜಮಾನಿಯೇ. ಆ ಯಜಮಾನಿಗೆ ಸಿಕ್ಕ ಮರ್ಯಾದೆ ಎಂಥದ್ದು ಅಂತ ಹೇಳುತ್ತೇನೆ. ಅದರಲ್ಲಿ ನನ್ನ ಪಾಲೂ ಇದೆ, ಅದನ್ನೂ ಹೇಳುತ್ತೇನೆ.

ನಾನು ಆಶಾರಾಣಿ. ಶ್ರೀನಿವಾಸಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಬ್ಯಾಂಕು ನಮ್ಮ ಸರ್ಕಾರಕ್ಕೆ ಕೊಟ್ಟ ಸಾಲದ ಎರಡನೇ ಕಂತು ಬಿಡುವ ಮುಂಚೆ ಒಂದು ಷರತ್ತು ಹಾಕಿತ್ತು: ಜನರಿಗೆ ಉಪಯೋಗವಿಲ್ಲದ ಸರ್ಕಾರಿ ಘಟಕಗಳನ್ನು ಮುಚ್ಚಿ ಖರ್ಚು ಇಳಿಸಬೇಕು. ಮುಚ್ಚಬಹುದಾದವುಗಳ ಪಟ್ಟಿಯಲ್ಲಿ ಚಿಂತಮಾನುಪಲ್ಲಿಯ ದನದಾಸ್ಪತ್ರೆಯೂ ಇತ್ತು. ಆಸ್ಪತ್ರೆ ಅಂದರೆ ಒಂದು ಕೋಣೆ, ಒಂದು ಬೀರು, ಮತ್ತು ಕಾಂಪೌಂಡರ್ ನರಸಿಂಹಪ್ಪ. ಅವರ ರಿಜಿಸ್ಟರಿನಲ್ಲಿ ಇಡೀ ವರ್ಷಕ್ಕೆ ಸೇರಿ ನಲವತ್ತಮೂರು ದನಗಳಿದ್ದವು. ನಲವತ್ತಮೂರು ದನಗಳನ್ನು ಅವರು ಒಂದು ವಾರದಲ್ಲಿ ನೋಡುತ್ತಿದ್ದರು. ಆದರೆ ನೋಡುತ್ತಿದ್ದುದು ಕೊಟ್ಟಿಗೆಗಳಲ್ಲಿ. ಸಗಣಿ ಮೆತ್ತಿದ ಕೈಯಲ್ಲಿ ರಿಜಿಸ್ಟರ್ ಹಿಡಿದು ಯಾರು ಓಡಾಡುತ್ತಾರೆ?

ಬೈರಮ್ಮನಿಗೆ ಇದ್ದದ್ದು ಎರಡು ಸೀಮೆ ಹಸು. ಗಂಡ ತೀರಿಕೊಂಡ ಮೇಲೆ ಬೆಳಿಗ್ಗೆ ಸಂಜೆ ಡೈರಿಗೆ ಹಾಕುವ ಹಾಲೇ ಅವಳ ಬದುಕು. ಅವುಗಳಲ್ಲಿ ಹೆಚ್ಚು ಹಾಲು ಕರೆಯುವುದು ಚುಕ್ಕಿ. ಹಿಂದಿನ ಸಲ ಚುಕ್ಕಿ ಕರು ಹಾಕಿದ ಮಾರನೇ ದಿನ ಹಾಲು ಜ್ವರ ಬಂದು ಕುಸಿದು ಬಿದ್ದು, ಕತ್ತು ಹೊಟ್ಟೆ ಕಡೆಗೆ ತಿರುಗಿಸಿ ಮಲಗಿಬಿಟ್ಟಿತ್ತು. ನರಸಿಂಹಪ್ಪ ಉಣ್ಣುತ್ತಿದ್ದ ಮುದ್ದೆ ಬಿಟ್ಟು ಓಡಿಬಂದು ಕತ್ತಿನ ನರಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದರು. ಬಾಟಲಿ ಖಾಲಿಯಾಗಿ ಸ್ವಲ್ಪ ಹೊತ್ತಿಗೆ ಹಸು ಎದ್ದು ನಿಂತಿತು. ಈಗ ಚುಕ್ಕಿ ಮತ್ತೆ ಗಬ್ಬವಾಗಿತ್ತು. ಆಸ್ಪತ್ರೆ ಹೋದರೆ ಚುಕ್ಕಿಯೂ ಹೋದ ಹಾಗೆಯೇ ಅಂತ ಬೈರಮ್ಮ ಹೇಳುತ್ತಲೇ ಇದ್ದಳು.

ಬ್ಯಾಂಕಿನ ತಂಡ ಬಂತು. ಮುಖ್ಯಸ್ಥ ಒಬ್ಬ ಉದ್ದನೆಯ ವಿದೇಶಿ. ಊರಿನವರು ಕಂಡ ಕೂಡಲೇ ಅವನಿಗೆ ದೊರೆ ಅಂತ ಹೆಸರಿಟ್ಟರು. ಜೊತೆಗೆ ಬೆಂಗಳೂರಿನ ಅಧಿಕಾರಿ ಅಮರನಾಥ್. ದುಭಾಷಿಯಾಗಿ ನಾನು. ಕರೆದಾಗ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಹೊಸ ಸೀರೆ ಉಟ್ಟಿದ್ದೆ. ದಾರಿಯಲ್ಲಿ ದೊರೆ ಹೇಳಿದ, "ಲೆಕ್ಕಪುಸ್ತಕವನ್ನು ನಾವು ನಂಬುವುದಿಲ್ಲ. ಜನರನ್ನೇ ಕೇಳುತ್ತೇವೆ. ಜನರ ಮಾತೇ ಅಂತಿಮ." ಎಂಥ ದೊಡ್ಡ ಮನುಷ್ಯ ಅಂದುಕೊಂಡೆ. ನನಗೆ ಬುದ್ಧಿ ಇರಲಿಲ್ಲ.

ಊರಿನವರೆಲ್ಲ ಬೈರಮ್ಮನ ಜಗಲಿಯಲ್ಲಿ ಸೇರಿದರು. ದೊರೆಗೆ ಕುರ್ಚಿ, ಮೊದಲು ನೀರು, ಆಮೇಲೆ ಕಾಫಿ. ಚುಕ್ಕಿಯ ಹಾಲನ್ನು ಗಟ್ಟಿಯಾಗಿ ಕಾಯಿಸಿ ಮಾಡಿದ ಕಾಫಿ. ದೊರೆ ಒಂದು ಗುಟುಕು ಕುಡಿದು ಹುಬ್ಬೇರಿಸಿ ಪೂರ್ತಿ ಕುಡಿದ.

ಇಲ್ಲಿ ನಮ್ಮ ಊರಿನ ಒಂದು ಪದ್ಧತಿ ಹೇಳಬೇಕು. ಮನೆಯಲ್ಲಿ ನೀರು ಕುಡಿದವರ ಮುಂದೆ ನಾವು ಕಷ್ಟ ತೋಡಿಕೊಳ್ಳುವುದಿಲ್ಲ. ಕೊಟ್ಟ ನೀರಿಗೆ ಬೆಲೆ ಕೇಳಿದ ಹಾಗಾಗುತ್ತದೆ. ಹೇಗಿದ್ದೀರಿ ಅಂದರೆ ಚೆನ್ನಾಗಿದ್ದೀವಿ, ಏನಾದರೂ ಬೇಕಾ ಅಂದರೆ ಏನೂ ಬೇಡ. ಬಂದವರು ಇನ್ನೊಂದು ಸಲ ಕೇಳಬೇಕು, ಹೊರಡುವಾಗ ಹೊಸಿಲಲ್ಲಿ ನಿಂತು ಮೂರನೇ ಸಲ ಕೇಳಬೇಕು. ಆಗ ನಿಜವಾದ ಮಾತು ಹೊರಗೆ ಬರುತ್ತದೆ. ಹೆಣ್ಣು ನೋಡಲು ಬಂದವರಿಗೂ, ಓಟು ಕೇಳಲು ಬಂದವರಿಗೂ ಇದು ಗೊತ್ತು.

ದೊರೆ ಒಂದೇ ಸಲ ಕೇಳಿದ. "ಈ ಆಸ್ಪತ್ರೆ ಇಲ್ಲದಿದ್ದರೆ ನಿಮಗೆ ತೊಂದರೆಯಾಗುತ್ತದೆಯೇ?"

ನಾನು ಕನ್ನಡದಲ್ಲಿ ಹೇಳಿದೆ. ಎಲ್ಲರೂ ಬೈರಮ್ಮನ ಮುಖ ನೋಡಿದರು. ಕಾಫಿ ಕೊಟ್ಟವಳು ಅವಳಲ್ಲವೇ?

ಬೈರಮ್ಮ ಸೆರಗು ಸರಿಮಾಡಿಕೊಂಡಳು. "ನಮ್ಗೇನ್ ತೊಂದ್ರೆ ಸಾಮಿ? ಅಂತಾ ಬಾಗುಂದಿ. ದೂರದಿಂದ ಬಂದಿದ್ದೀರ, ಎಲ್ಲಾ ಚೆನ್ನಾಗೈತೆ."

ಹಿಂದೆ ನಿಂತಿದ್ದವರೆಲ್ಲ ತಲೆಯಾಡಿಸಿದರು. ಮೂಲೆಯಲ್ಲಿದ್ದ ನರಸಿಂಹಪ್ಪ ಕೂಡ ತಲೆಯಾಡಿಸಿದರು, ಪುಣ್ಯಾತ್ಮ! ಎರಡನೇ ಸಲ ಕೇಳುತ್ತಾನೆ ಅಂತ ಎಲ್ಲರೂ ಕಾಯುತ್ತಿದ್ದರು.

ನಾನು ಅವಳ ಮಾತನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದೆ. ಇದು ಮರ್ಯಾದೆಯ ಮಾತು, ಇನ್ನೊಮ್ಮೆ ಕೇಳಿ ಅಂತ ಒಂದು ವಾಕ್ಯ ಸೇರಿಸಬಹುದಿತ್ತು. ಬಾಯಿ ತೆರೆದೂ ಇದ್ದೆ. ಅಮರನಾಥ್ ಕೈಗಡಿಯಾರ ನೋಡಿ, "ಮೇಡಂ, ಅವರು ಹೇಳಿದ್ದಷ್ಟೇ ಹೇಳಿ. ಮುಳಬಾಗಿಲಲ್ಲಿ ಊಟಕ್ಕೆ ಹೇಳಿದ್ದೀನಿ" ಅಂದರು. ನಾನು ಬಾಯಿ ಮುಚ್ಚಿದೆ. ನನ್ನ ಇಂಗ್ಲಿಷಿನಲ್ಲಿ ತಪ್ಪಿಲ್ಲ ಅಂತ ದೊರೆ ಹೊಗಳಿದ್ದ. ಆ ಹೊಗಳಿಕೆ ಕೆಡಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಥೂ ನನ್ನ ಬಾಯಿಗಿಷ್ಟು.

ಕಾರುಗಳು ಹೊರಡಲು ಸಿದ್ಧವಾದಾಗ ಬೈರಮ್ಮ ನನ್ನ ಕೈ ಹಿಡಿದಳು. "ಏನಂದ್ರೇ ಅವ್ರು? ಆಸ್ಪತ್ರೆ ಉಳ್ಕೊಂತಾ?"

"ನೀನೇ ಏನೂ ತೊಂದ್ರೆ ಇಲ್ಲ ಅಂದ್ಯಲ್ಲ ದೊಡ್ಡಮ್ಮ!"

"ಅದು ಮರ್ಯಾದೆಗೆ ಅಂದಿದ್ದು ಕಣೇ. ಅಷ್ಟು ದೊಡ್ಡ ಮನ್ಸಂಗೆ ಅಷ್ಟೂ ತಿಳಿಯಲ್ವಾ? ತಿರುಗಿ ಕೇಳ್ಳೇ ಇಲ್ವಲ್ಲ!"

ದೇಶದೇಶಗಳ ಬದುಕು ತಿದ್ದುವ ಜನ. ಒಂದು ಮನೆಯ ಹೊಸಿಲಲ್ಲಿ ತಿರುಗಿ ನಿಂತು ಕೇಳುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾಗಿದ್ದವಳು ಹೊಸ ಸೀರೆ ಉಟ್ಟು ಕಾರು ಹತ್ತಿದಳು.

ಆಮೇಲೆ ಅಮರನಾಥರಿಗೆ ಎರಡು ಪತ್ರ ಬರೆದೆ, ಮೂರು ಸಲ ಫೋನ್ ಮಾಡಿದೆ. ಅವರದು ಒಂದೇ ಉತ್ತರ. "ವರದಿ ಹೋಗಿಬಿಟ್ಟಿದೆ ಮೇಡಂ. ಜನಾನೇ ಬೇಡ ಅಂದ್ಮೇಲೆ ನಾವೇನ್ ಮಾಡೋಕಾಗುತ್ತೆ?" ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಇದು. ಎರಡು ತಿಂಗಳಲ್ಲಿ ಆಸ್ಪತ್ರೆಗೆ ಬೀಗ ಬಿತ್ತು. ನರಸಿಂಹಪ್ಪನನ್ನು ಮಾಲೂರಿನ ಆಚೆ, ಲಕ್ಕೂರಿನ ಕಡೆಗೆ ಎತ್ತಿ ಹಾಕಿದರು. ಬದಲಿಗೆ ಐದು ಹೋಬಳಿಗೆ ದನದ ಚಿಕಿತ್ಸೆಯ ಒಂದು ವ್ಯಾನು, ಅದಕ್ಕೊಂದು ಫೋನ್ ನಂಬರು ಬಂತು.

ಚುಕ್ಕಿ ಕರು ಹಾಕಿದ್ದು ಜೂನ್ ತಿಂಗಳಲ್ಲಿ. ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಕುಸಿಯಿತು, ಕಿವಿ ತಣ್ಣಗಾದವು, ಕತ್ತು ಹೊಟ್ಟೆ ಕಡೆ ತಿರುಗಿತು. ಬೈರಮ್ಮ ನಂಬರಿಗೆ ಫೋನ್ ಮಾಡಿದಳು. ಶ್ರೀನಿವಾಸಪುರದಿಂದ ವ್ಯಾನು ಹೊರಟಿತು, ಸುಳ್ಳಲ್ಲ. ಆದರೆ ಶ್ರೀನಿವಾಸಪುರದಲ್ಲಿ ಜೂನ್ ಅಂದರೆ ಏನೆಂದು ಇಲ್ಲಿ ಹುಟ್ಟಿದ ಕೋಳಿಗೂ ಗೊತ್ತು. ಮಾವಿನ ಲಾರಿಗಳು ಮಂಡಿಯಿಂದ ಊರಾಚೆಯವರೆಗೂ ಸಾಲುಗಟ್ಟಿದ್ದವು. ವ್ಯಾನು ಅವುಗಳ ನಡುವೆ ಸಿಕ್ಕಿಕೊಂಡಿತು. ನರಸಿಂಹಪ್ಪ ಲಕ್ಕೂರಿನಿಂದ ಫೋನಿನಲ್ಲಿ ಅಳುತ್ತಾ ಹೇಳಿದರಂತೆ, "ಒಂದ್ ಬಾಟ್ಲು ಸಾಕು ಬೈರಮ್ಮ, ಒಂದೇ ಬಾಟ್ಲು. ನನ್ ಬೀರೂನಾಗೆ ಇತ್ತಲ್ಲ."

ಹನ್ನೆರಡಕ್ಕೆ ಚುಕ್ಕಿ ಸತ್ತಿತು. ಒಂದೂವರೆಗೆ ವ್ಯಾನು ಬಂದು, ಬಂದದ್ದಕ್ಕೆ ಸಾಕ್ಷಿಯಾಗಿ ಕೊಟ್ಟಿಗೆಯ ಫೋಟೋ ತೆಗೆದುಕೊಂಡು ಹೋಯಿತು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ನಾನು ಬೈರಮ್ಮನ ಮನೆಯಲ್ಲೇ ಇದ್ದೆ. ಕೋಲಾರದಿಂದ ಚಂದನ ಅನ್ನುವ ಹುಡುಗಿ ಕೈಯಲ್ಲಿ ಟ್ಯಾಬ್ ಹಿಡಿದು ಬಂದಳು. ಬ್ಯಾಂಕಿನ ಪರವಾಗಿ, ವ್ಯಾನಿನ ಸೇವೆ ಜನರಿಗೆ ಎಷ್ಟು ತೃಪ್ತಿ ಕೊಟ್ಟಿದೆ ಅಂತ ಕೇಳಲು. ಬಸ್ಸಿಳಿದು ಎರಡು ಮೈಲಿ ಬಿಸಿಲಲ್ಲಿ ನಡೆದು ಮುಖವೆಲ್ಲ ಕೆಂಪಾಗಿತ್ತು. ಅಭ್ಯಾಸಬಲದಿಂದ ನಾನು ನೀರು ತರಲು ಎದ್ದೆ.

"ಕೂತ್ಕೊಳೇ," ಅಂದಳು ಬೈರಮ್ಮ. ಆ ಮನೆಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. "ನೀರ್ ಕೊಡ್ಬೇಡ. ನೀರ್ ಕೊಟ್ರೆ ನಂಗೆ ಬಾಯ್ ಬರಲ್ಲ." ಆಮೇಲೆ ಚಂದನಳ ಕಡೆ ತಿರುಗಿದಳು. "ಬರ್ಕೋ ತಾಯಿ. ನಿಮ್ ವ್ಯಾನು ಬರೋ ಹೊತ್ಗೆ ನನ್ ಹಸು ಸತ್ತೋಯ್ತು. ಆಸ್ಪತ್ರೆ ಬೇಡ ಅಂತ ನಾನ್ ಅಂದಿದ್ದು ಸುಳ್ಳು. ಬೇಕು. ಇವತ್ತೂ ಬೇಕು. ನನ್ ಮಾತು ಹಂಗೇ ಬರ್ಕೋ."

ಚಂದನ ಪಾಪ ಗಾಬರಿಯಾದಳು. "ಬರೆಯೋಕೆ ಇದ್ರಲ್ಲಿ ಜಾಗ ಇಲ್ಲಮ್ಮ. ಐದು ಮುಖ ಇದಾವೆ, ಒಂದನ್ನ ಒತ್ಬೇಕು ಅಷ್ಟೇ."

ಬೈರಮ್ಮ ಆ ಐದು ಮುಖಗಳನ್ನು ತುಂಬಾ ಹೊತ್ತು ನೋಡಿದಳು. ಕೊನೆಯಲ್ಲಿದ್ದ ಅಳುವ ಮುಖದ ಮೇಲೆ ಬೆರಳಿಟ್ಟು ಒತ್ತಿದಳು. ಒಂದು ಸಲ ಸಾಕಿತ್ತು. ಅವಳು ಮೂರು ಸಲ ಒತ್ತಿದಳು. ಬೆರಳು ಇನ್ನೂ ಅಲ್ಲೇ ಇದ್ದಾಗ ಚಂದನ ತನ್ನ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡು, ಬಿಸಿಲಿಗೆ ಇಳಿದಳು.

ಬ್ಯಾಂಕಿನ ಆ ವರ್ಷದ ವರದಿಯನ್ನು ನಾನು ಇಂಟರ್ನೆಟ್ಟಿನಲ್ಲಿ ಹುಡುಕಿ ತೆಗೆದೆ. ನುಣುಪಾದ ಎಂಬತ್ತು ಪುಟ. ಎರಡನೇ ಕಂತು ಬಿಡುಗಡೆಯಾಗಿತ್ತು. ಮೂವತ್ತೊಂದನೇ ಪುಟದಲ್ಲಿ ಬೈರಮ್ಮನ ಫೋಟೋ, ಬೆರಳು ಟ್ಯಾಬಿನ ಮೇಲೆ. ಕೆಳಗೆ ಇಂಗ್ಲಿಷಿನಲ್ಲಿ: ಡಿಜಿಟಲ್ ಸೇವೆಯನ್ನು ಬಳಸುತ್ತಿರುವ ಗ್ರಾಮೀಣ ಹೈನುಗಾರ್ತಿ. ಬೆರಳು ಯಾವ ಮುಖದ ಮೇಲಿದೆ ಅನ್ನುವುದು ಕಾಣದ ಹಾಗೆ ಅಂಚು ಕತ್ತರಿಸಿದ್ದರು.

ಫೋನಿನಲ್ಲಿ ಅವಳಿಗೆ ತೋರಿಸಿದೆ. ಕೆಳಗೆ ಬರೆದದ್ದನ್ನು ಓದಿ ಹೇಳಿದೆ, ಈ ಸಲ ಏನೂ ಮುಚ್ಚಿಡದೆ. ಬಯ್ಯುತ್ತಾಳೆ, ಶಾಪ ಹಾಕುತ್ತಾಳೆ ಅಂತ ಕಾದೆ. ನನಗಾದರೂ ಬಯ್ಯಲಿ ಅಂತ ಆಸೆಪಟ್ಟೆ. ಅವಳು ಫೋಟೋವನ್ನೇ ನೋಡುತ್ತಾ ಕೂತಳು.

"ಅವತ್ತು ಆ ಹುಡ್ಗಿ ಅಷ್ಟು ಬಿಸ್ಲಲ್ಲಿ ಬಂದಿದ್ಲು ಕಣೇ," ಅಂದಳು. "ಒಂದ್ ಲೋಟ ನೀರ್ ಕೊಡದೆ ಕಳಿಸ್ಬಿಟ್ಟೆ."