ಅಟ್ಟದಿಂದ ಇಳಿದ ಬಲೆ

ನಾನು ಒಂದು ಬೇಟೆಬಲೆ. ಕಾಡುಮರದ ತೊಗಟೆಯ ನಾರೇ ನನ್ನ ಮೈ. ಸೋಲಿಗರ ಜಡೇಗೌಡ ಆ ತೊಗಟೆಯನ್ನು ಹಳ್ಳದಲ್ಲಿ ನೆನೆಹಾಕಿ, ಬಡಿದು ನಾರು ತೆಗೆದು, ತೊಡೆಯ ಮೇಲೆ ಹೊಸೆದು, ಒಂದೊಂದೇ ಕಣ್ಣು ಕಟ್ಟುತ್ತ ನನ್ನನ್ನು ಹೆಣೆದ. ಆಗಿನ್ನೂ ಅವನಿಗೆ ಹೊಸದಾಗಿ ಮದುವೆಯಾಗಿತ್ತು.

ಪೊದೆಗಳ ನಡುವೆ ನನ್ನನ್ನು ಕಟ್ಟಿ, ಪೋಡಿನ, ಅಂದರೆ ನಮ್ಮ ಹಾಡಿಯ, ಜನರೆಲ್ಲ ಕೂಗುಹಾಕಿ ಮೊಲಗಳನ್ನು ಅಟ್ಟುತ್ತಿದ್ದರು. ಸಿಕ್ಕಿದ್ದು ಎಲ್ಲ ಗುಡಿಸಲಿಗೂ ಹಂಚಿಹೋಗುತ್ತಿತ್ತು. ಬಸುರಿ ಪ್ರಾಣಿ ಬಿದ್ದರೆ ಜಡೇಗೌಡ ಬಿಡಿಸಿ ಕಳಿಸುತ್ತಿದ್ದ. ನಾನು ಎಲ್ಲೇ ಹರಿದರೂ ಅಂದೇ ಸಂಜೆ ಕೂತು ಕಟ್ಟುತ್ತಿದ್ದ.

ಆಮೇಲೆ ಕಾಡು ಅಭಯಾರಣ್ಯವಾಯಿತು. ಬಲೆ ಕಂಡರೆ ಜೈಲು ಎಂದು ಗಾರ್ಡುಗಳು ಹೇಳಿಹೋದರು. ಪೋಡನ್ನೇ ಕಾಡಿನಂಚಿಗೆ ಎಬ್ಬಿಸಿ ತಂದರು. ಉಳಿದವರು ತಮ್ಮ ಬಲೆಗಳನ್ನು ಒಲೆಗೆ ಹಾಕಿದರು. ಜಡೇಗೌಡನಿಗೆ ಮನಸ್ಸು ಬರಲಿಲ್ಲ. ನನ್ನನ್ನು ಸುತ್ತಿ ಅಟ್ಟಕ್ಕೆ ಸೇರಿಸಿದ. ಹೊಗೆ ಕುಡಿಯುತ್ತ ಅಲ್ಲಿ ವರ್ಷಗಟ್ಟಲೆ ಬಿದ್ದಿದ್ದೆ. ಇಲಿಗಳು ಕಡಿದವು. ಕಟ್ಟೋಣವೆಂದರೆ ನನ್ನನ್ನು ಕೆಳಗಿಳಿಸುವಂತಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದೂರಿನ ಮನೆಯೊಂದಕ್ಕೆ ಚಿರತೆ ನುಗ್ಗಿತು. ಒಳಕೋಣೆಯಲ್ಲಿ ಬಾಣಂತಿಯೊಬ್ಬಳು ಕೂಸಿನೊಂದಿಗೆ ಬಾಗಿಲು ಹಾಕಿಕೊಂಡಿದ್ದಳು. ಚಿರತೆ ಆ ಬಾಗಿಲನ್ನು ಪರಚುತ್ತಿತ್ತು. ಅರಿವಳಿಕೆ ಕೊಡುವ ಡಾಕ್ಟರು ದೂರದಿಂದ ಬರಬೇಕಿತ್ತು. ರೇಂಜರ್ ಪೋಡಿಗೆ ಓಡಿಬಂದು, ಹಳೆಯ ಬಲೆ ಉಳಿದಿದ್ದರೆ ಕೊಡಿ, ಕೇಸು ಹಾಕುವುದಿಲ್ಲ ಎಂದರು. ಜಡೇಗೌಡ ನನ್ನನ್ನು ಇಳಿಸಿ ಹುರಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಪುಡಿ ಉದುರಿತು.

“ಇದು ತಡೆಯಕಿಲ್ಲ. ಹೋಗ್ಬ್ಯಾಡ,” ಎಂದಳು ಹೆಂಡತಿ ಮಸಣಮ್ಮ.

“ಒಳಗೆ ಕೂಸದೆ ಕಣಮ್ಮಿ,” ಎಂದು ಅವನು ನನ್ನನ್ನು ಹೆಗಲಿಗೆ ಹಾಕಿಕೊಂಡ.

ಆ ಮನೆಯ ಹೊರಬಾಗಿಲಿಗೆ ನನ್ನನ್ನು ಇಳಿಬಿಟ್ಟು, ಹಂಚು ಸರಿಸಿ ಮೇಲಿನಿಂದ ಡಬ್ಬ ಬಡಿದರು. ಚಿರತೆ ನೇರ ನನ್ನೊಳಕ್ಕೆ ಬಿತ್ತು. ಹಿಡಿದೆ. ಅಷ್ಟರಲ್ಲಿ ತಾಯಿ ಕೋಣೆಯ ಬಾಗಿಲು ತೆಗೆದು, ಕೂಸನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಬಿದ್ದಳು. ಆಮೇಲೆ ನನ್ನ ಕಣ್ಣುಗಳು ಪಟಪಟನೆ ಹರಿದವು. ಜನ ಚೆದುರಿ ಓಡಿದರು. ನನ್ನ ಅಂಚಿನ ಹಗ್ಗ ಬಿಡದೆ ನಿಂತವನು ಜಡೇಗೌಡನೊಬ್ಬನೇ. ಚಿರತೆ ಅವನ ಬಲಗೈಯನ್ನು ಸಿಗಿದುಹಾಕಿ ಕಾಡಿನತ್ತ ಓಡಿತು.

ಆಸ್ಪತ್ರೆಯಿಂದ ಬಂದಾಗ ಆ ಕೈ ಸ್ವಾಧೀನವಿಲ್ಲದೆ ಜೋತುಬಿದ್ದಿತ್ತು. ಒಂದು ದಿನ ಜಗಲಿಯಲ್ಲಿ ಕೂತು, ನಾರನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ನನ್ನನ್ನು ಕಟ್ಟಲು ನೋಡಿದ. ಗಂಟು ನಿಲ್ಲಲಿಲ್ಲ. ಮಸಣಮ್ಮ ಪಕ್ಕದಲ್ಲಿ ಕೂತು ನಾರಿನ ತುದಿ ಹಿಡಿದಳು.

“ಹೆಂಗೆ ಅಂತ ಹೇಳು, ನಾ ಕಟ್ತೀನಿ.”

ಅವನು ಹಲ್ಲಿನಲ್ಲಿ ಕಚ್ಚಿದ್ದ ನಾರನ್ನು ಬಿಟ್ಟ. “ಬುಡು. ಕಟ್ಟಿ ಎಲ್ಲಿಗೆ ಹಾಕದು?” ಎಂದ.

ಈಗ ನಾನು ಜಗಲಿಯ ಮೂಲೆಯಲ್ಲಿದ್ದೇನೆ. ನನ್ನ ಮೇಲೆ ಕೋಳಿ ಕಾವು ಕೂತಿದೆ. ಹರಿಯುವುದು ಬಲೆಯ ಬಾಳಿನಲ್ಲಿ ಇದ್ದದ್ದೇ. ನಾನೂ ಎಷ್ಟೋ ಸಲ ಹರಿದವನೇ. ಕಟ್ಟುವವರಿಲ್ಲದೆ ಹರಿದದ್ದು ಮಾತ್ರ ಇದೇ ಮೊದಲು.