ಬಾಯ್ಲರ್ ಮನೆಯ ಕೀಲಿಕೈ

ಗುರುವಾರವೆಂದರೆ ಶಾಲೆಯಲ್ಲಿ ಬಟಾಣಿ ಸೂಪು. ಉತ್ತರದ ಹಿಮನಾಡಿನ ಪುಟ್ಟ ಊರು ಪೆಟಾಯಾರ್ವಿಯ ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶಾಲೆಯ ಅಡುಗೆಮನೆಯ ಮುಖ್ಯಸ್ಥೆ ಹಿಲ್ಲೆವಿ ಬೆಳಿಗ್ಗೆಯೇ ದೊಡ್ಡ ಹಂಡೆಗಳನ್ನು ಒಲೆಗೇರಿಸಿ, ತಳ ಹಿಡಿಯದಂತೆ ಸೌಟಾಡಿಸುತ್ತಿದ್ದಳು. ಹೊರಗೆ ಜನವರಿಯ ಚಳಿ ಮೂಗಿನ ಕೂದಲನ್ನೂ ಹೆಪ್ಪುಗಟ್ಟಿಸುವಷ್ಟಿತ್ತು. ಪುರಸಭೆಯ ಅಧ್ಯಕ್ಷ ಕಲೆರ್ವೊ ಬೂಟಿನ ಹಿಮ ಕೊಡವಿ ಒಳಗೆ ಬಂದು, ಯಾರನ್ನೂ ಕೇಳದೆ ಕಾಫಿ ಬಗ್ಗಿಸಿಕೊಂಡ.

"ಸೋಮವಾರ ಸಭೆ. ನಿನ್ನ ಓಟು ನಮ್ಮ ಕಡೆಗೇ ಅಂತ ಹೇಳ್ಬಿಟ್ಟಿದೀನಿ," ಎಂದ.

"ಹೇಳ್ಕೋ. ನಾನೇನು ಮಾತು ಬದಲಾಯಿಸೋಳಾ?"

ಹಿಲ್ಲೆವಿ ಪುರಸಭೆಯ ಸದಸ್ಯೆಯೂ ಆಗಿದ್ದಳು. ಊರಿನ ಶಾಖ ಕಂಪನಿಯನ್ನು ಇಡಿಯಾಗಿ ಕೊಳ್ಳಲು ಹೊರದೇಶದ ಹೂಡಿಕೆ ಸಂಸ್ಥೆಯೊಂದು ಮುಂದೆ ಬಂದಿತ್ತು. ಕಾಡಿನ ಮರದ ಚೂರು ಉರಿಸಿ ನೀರು ಕಾಯಿಸುವ ಬಾಯ್ಲರ್ ಮನೆ, ಅಲ್ಲಿಂದ ನೆಲದಡಿಯಲ್ಲಿ ಹೋಗಿ ಪ್ರತಿ ಮನೆಯನ್ನೂ ಬೆಚ್ಚಗಿಡುವ ಕೊಳವೆಗಳು, ಎಲ್ಲವೂ ಆ ಮಾರಾಟದಲ್ಲಿ ಸೇರಿದ್ದವು. ಬರುವ ಹಣದಲ್ಲಿ ಊರಿನ ಆರೋಗ್ಯ ಕೇಂದ್ರಕ್ಕೆ ಡಯಾಲಿಸಿಸ್ ಘಟಕ ಬರಲಿತ್ತು. ಆಗಿನ್ನೂ ಆರೋಗ್ಯ ಕೇಂದ್ರ ಪುರಸಭೆಯ ಕೈಯಲ್ಲೇ ಇತ್ತು. ಹಿಲ್ಲೆವಿಯ ಗಂಡ ತೌನೊ ವಾರದಲ್ಲಿ ಮೂರು ದಿನ, ಬೆಳಕು ಹರಿಯುವ ಮುಂಚೆ ಟ್ಯಾಕ್ಸಿ ಹತ್ತಿ ದೂರದ ನಗರದ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುತ್ತಿದ್ದ. ಊರಲ್ಲಿ ಅಂಥವರು ಇನ್ನೂ ಕೆಲವರಿದ್ದರು. ಮಾರಾಟಕ್ಕೆ ಒಪ್ಪಲು ಅವಳಿಗೆ ಬೇರೆ ಕಾರಣ ಬೇಕಿರಲಿಲ್ಲ.

ಕಲೆರ್ವೊನ ಕಾಫಿ ಮುಗಿಯುವ ಮೊದಲೇ ಹಿಲ್ಲೆವಿಗೆ ಫೋನು ಬಂತು. ಪಕ್ಕದ ಊರು ಕೊರ್ಪಿಲಾದ ಅಧ್ಯಕ್ಷೆ ವೂಕ್ಕೊ ಮಾತಾಡುತ್ತಿದ್ದಳು. ಹಿಂದಿನ ದಿನದಿಂದ ಅವರ ಊರಿನ ಬಾಯ್ಲರ್ ನಿಂತಿದೆ, ಶಾಲೆಯ ಅಡುಗೆಮನೆಯ ನಲ್ಲಿಗಳು ಹೆಪ್ಪುಗಟ್ಟಿ ಒಡೆದಿವೆ, ಜನರನ್ನೆಲ್ಲ ಚರ್ಚಿನ ಸಭಾಭವನದಲ್ಲಿ ಕೂರಿಸಿದ್ದೇವೆ, ತಿನ್ನಲು ಏನಾದರೂ ಕಳಿಸಲು ಆಗುತ್ತದೆಯೇ ಎಂದು ಕೇಳಿದಳು. ಹಿಲ್ಲೆವಿ ಮಕ್ಕಳ ಪಾಲು ತೆಗೆದಿಟ್ಟು, ಉಳಿದ ಸೂಪನ್ನು ಡಬ್ಬಗಳಿಗೆ ತುಂಬಿದಳು. ಕಲೆರ್ವೊ ಬೈದುಕೊಳ್ಳುತ್ತಲೇ ಅವನ್ನು ಹೊತ್ತು ವ್ಯಾನಿಗಿಟ್ಟ.

ಸಭಾಭವನದಲ್ಲಿ ಹಳೆಯ ಕಾಲದ ಎರಡು ಕಟ್ಟಿಗೆ ಒಲೆಗಳಿದ್ದವು. ಅವುಗಳ ಸುತ್ತ ಮುದುಕರು ಕೋಟು, ಟೋಪಿ, ಕೈಗವಸು ಸಮೇತ ಕೂತಿದ್ದರು. ಎಳೆಗೂಸನ್ನು ಎತ್ತಿಕೊಂಡ ತಾಯಿಯೊಬ್ಬಳು ಅತ್ತಿಂದಿತ್ತ ಓಡಾಡುತ್ತಿದ್ದಳು. ಯಾರೂ ಗಲಾಟೆ ಮಾಡುತ್ತಿರಲಿಲ್ಲ. ಬಟ್ಟಲು ಸಿಕ್ಕವರು ಮೊದಲು ಅದರಿಂದ ಕೈ ಕಾಯಿಸಿಕೊಂಡರು, ಆಮೇಲೆ ಕುಡಿದರು.

ವೂಕ್ಕೊ ಕಿವಿಗೆ ಫೋನು ಒತ್ತಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಅವಳು ಮಾತು ಮುಗಿಸುವವರೆಗೆ ಹಿಲ್ಲೆವಿ ಕಾದಳು.

"ಯಾರದು ಫೋನಲ್ಲಿ?"

"ಶಾಖ ಕಂಪನಿ ಮಾಲೀಕರ ಕಡೆಯೋರು. ಒಳ್ಳೇ ಹುಡುಗ, ಪಾಪ. ಬೆಳಿಗ್ಗೆಯಿಂದ ಕ್ಷಮೆ ಕೇಳ್ತಾನೇ ಇದಾನೆ."

"ಬಾಯ್ಲರ್ ರಿಪೇರಿ ಆಗಲ್ವಾ?"

"ಅದಕ್ಕೆ ದಿನ ಬೇಕು. ಆದ್ರೆ ಒಳಗೇ ಎಣ್ಣೆ ಬಾಯ್ಲರ್ ಒಂದಿದೆ. ತುರ್ತಿಗೆ ಇರ್ಲಿ ಅಂತ ಪುರಸಭೆ ಕಾಲದಲ್ಲಿ ನಾವೇ ಹಾಕಿಸಿದ್ದು. ಇವರು ಬಂದ್ಮೇಲೆ ಖರ್ಚು ಜಾಸ್ತಿ ಅಂತ ಬಂದ್ ಮಾಡಿದ್ರು. ಅದನ್ನ ಹಚ್ಚಬೇಕು ಅಂದ್ರೆ ಮೇಲಿನೋರ ಅಪ್ಪಣೆ ಬೇಕಂತೆ. ಮೇಲಿನೋರಿಗೆ ಇವತ್ತು ರಜೆ. ಅವರ ದೇಶದಲ್ಲಿ ಏನೋ ಹಬ್ಬ."

"ನೀನು ಈ ಊರಿನ ಅಧ್ಯಕ್ಷೆ ಅಲ್ವೇನೆ? ಹೋಗಿ ಹಚ್ಸು!"

ವೂಕ್ಕೊ ನಕ್ಕಳು. ಆ ನಗುವಿನಲ್ಲಿ ನಗು ಇರಲಿಲ್ಲ. ಕೋಟಿನ ಜೇಬಿನಿಂದ ಕೀಲಿಕೈ ಗೊಂಚಲು ತೆಗೆದು ತೋರಿಸಿದಳು. "ನೋಡು, ಶಾಲೆದಿದೆ, ಗ್ರಂಥಾಲಯದ್ದಿದೆ, ಸ್ಮಶಾನದ ಗೇಟಿಂದೂ ಇದೆ. ಬಾಯ್ಲರ್ ಮನೆದು ಮಾತ್ರ ಇಲ್ಲ. ಅದು ನಮ್ಮ ಮನೆ ಅಲ್ಲ ಹಿಲ್ಲೆವಿ. ಮಾರಿದ್ವಿ. ಕೈ ಎತ್ತಿದೋರಲ್ಲಿ ನಾನೇ ಮೊದಲನೆಯೋಳು."

ಅಪ್ಪಣೆ ಕತ್ತಲಾದ ಮೇಲೆ ಬಂತು. ಕೊಳವೆಗಳು ಮೆಲ್ಲಗೆ ಬೆಚ್ಚಗಾದವು. ಯಾರೂ ಸಾಯಲಿಲ್ಲ. ಕೆಲವು ಮನೆಗಳ ಗೋಡೆಯೊಳಗಿನ ನೀರಿನ ಪೈಪುಗಳು ಒಡೆದವು, ಒಬ್ಬ ಮುದುಕಿಯನ್ನು ಆಂಬ್ಯುಲೆನ್ಸಿನಲ್ಲಿ ಕರೆದೊಯ್ದರು. ಪತ್ರಿಕೆಯಲ್ಲಿ ಸಣ್ಣ ಸುದ್ದಿಯೂ ಬಂತು. ಅದರಲ್ಲಿ ತಪ್ಪಿತಸ್ಥರೆಂದು ಯಾರ ಹೆಸರೂ ಇರಲಿಲ್ಲ.

ಭಾನುವಾರ ಸೌನಾದಲ್ಲಿ, ಮನೆಯ ಹಬೆಕೋಣೆಯ ಬಿಸಿಯಲ್ಲಿ ಕೂತಾಗ ಹಿಲ್ಲೆವಿ ತೌನೊಗೆ ಎಲ್ಲವನ್ನೂ ಹೇಳಿದಳು. ಅವನಿಗೆ ಹೆಚ್ಚು ಹೊತ್ತು ಬಿಸಿ ತಡೆಯುತ್ತಿರಲಿಲ್ಲ. ಕೆಳಗಿನ ಹಲಗೆಯ ಮೇಲೆ ಕೂತು, ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ತೋಳನ್ನು ಸವರಿಕೊಳ್ಳುತ್ತ ಕೇಳಿದ.

"ಅಂದ್ರೆ ಬೇಡ ಅಂತೀಯ," ಎಂದ.

"ಇನ್ನೂ ಏನೂ ಅಂದಿಲ್ಲ."

"ನಂಗೆ ಸುಳ್ಳು ಹೇಳೋಕೆ ಬರಲ್ಲ. ಆ ಘಟಕ ಬಂದ್ರೆ ಸಾಕು ಅನ್ಸುತ್ತೆ ನಂಗೆ. ಆ ಟ್ಯಾಕ್ಸಿ ಸಾಕಾಗಿದೆ." ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಆದ್ರೂ ನಾಳೆ ನೀನು ಕೈ ಎತ್ತುವಾಗ ನನ್ನ ಕೈ ನೆನಪು ಮಾಡ್ಕೋಬೇಡ," ಎಂದು ಎದ್ದು ಹೋದ.

ಸೋಮವಾರ ಹಿಲ್ಲೆವಿ ಸಭೆಯಲ್ಲಿ ತಿದ್ದುಪಡಿಯೊಂದನ್ನು ಮಂಡಿಸಿದಳು. ಶಾಖ ಕಂಪನಿಯಲ್ಲಿ ಹೊರಗಿನ ಹೂಡಿಕೆದಾರರ ಪಾಲು ಮೂರರಲ್ಲಿ ಒಂದನ್ನು ಮೀರಬಾರದು. ಉಳಿದದ್ದು ಊರಿನದಾಗಿಯೇ ಇರಬೇಕು. ಬಾಯ್ಲರ್ ಮನೆಯ ತುರ್ತು ನಿರ್ಧಾರಗಳು ಊರಿನಲ್ಲೇ ಆಗಬೇಕು.

ಕಲೆರ್ವೊನ ಮುಖ ಕೆಂಪಗಾಯಿತು. "ಮೂರರಲ್ಲಿ ಒಂದು ಪಾಲಿಗೆ ಅವರು ಬರಲ್ಲ, ನಿಂಗೂ ಗೊತ್ತು. ಹೊರಗಿನೋರು ಅಂದ್ರೆ ಯಾಕಿಷ್ಟು ಭಯ? ನಿನ್ನ ಕಾರು ಹೊರಗಿಂದು, ಫೋನು ಹೊರಗಿಂದು. ತೌನೊನ ನೋಡೋ ಡಾಕ್ಟರೇ ಬೇರೆ ದೇಶದೋಳು!"

"ಹೌದು. ಅವಳಷ್ಟು ಒಳ್ಳೆಯೋಳು ಇನ್ನೊಬ್ಬಳಿಲ್ಲ. ಯಾಕಂದ್ರೆ ಹೋದ್ರೆ ಸಿಗ್ತಾಳೆ. ಫೋನು ಸರಿ ಇಲ್ಲ ಅಂದ್ರೆ ಬೇರೆ ತಗೋತೀನಿ ಕಲೆರ್ವೊ. ಕೊಳವೆ ಒಂದೇ. ಅದು ತಣ್ಣಗಾದ ದಿನ ನಾನು ಯಾರ ಬಾಗಿಲು ಬಡೀಲಿ, ಅದನ್ನ ಹೇಳು."

"ಡಯಾಲಿಸಿಸ್‌ಗೆ ದುಡ್ಡು ಎಲ್ಲಿಂದ ತರ್ತೀಯ? ಅದನ್ನ ನೀನು ಹೇಳು."

"ಗೊತ್ತಿಲ್ಲ," ಎಂದಳು ಹಿಲ್ಲೆವಿ.

ಸಭೆಯಲ್ಲಿ ಯಾರೋ ಕೆಮ್ಮಿದರು. ಇಷ್ಟು ನೇರವಾದ ಉತ್ತರ ಆ ಕೋಣೆಗೆ ಹೊಸದು. ಕಲೆರ್ವೊ ತಿದ್ದುಪಡಿಯನ್ನು ಮತಕ್ಕೆ ಹಾಕಿದ.

ತಿದ್ದುಪಡಿ ಸ್ವಲ್ಪದರಲ್ಲಿ ಗೆದ್ದಿತು. ಕೊಳ್ಳಲು ಬಂದವರು ಆ ವಾರವೇ ಸೌಜನ್ಯದಿಂದ ಹಿಂದೆ ಸರಿದರು. ಘಟಕದ ಮಾತು ಮುಂದಿನ ವರ್ಷಕ್ಕೆ ಹೋಯಿತು. ಅಂಗಡಿಯಲ್ಲಿ ಒಬ್ಬಿಬ್ಬರು ಹಿಲ್ಲೆವಿಯನ್ನು ಕಂಡು ಬೇರೆ ಸಾಲಿಗೆ ಸರಿದರು. ಅವರ ಮನೆಯಲ್ಲೂ ಆ ಟ್ಯಾಕ್ಸಿಗೆ ಕಾಯುವವರಿದ್ದರು. ಅವಳು ಅವರದು ತಪ್ಪೆನ್ನಲಿಲ್ಲ.

ತೌನೊ ಆಸ್ಪತ್ರೆಗೆ ಹೋಗುವ ಮುಂದಿನ ಸರದಿಯ ದಿನ ಟ್ಯಾಕ್ಸಿ ಎಂದಿನಂತೆ ಕತ್ತಲಲ್ಲೇ ಬಂತು. ತೌನೊ ಬಾಗಿಲು ತೆಗೆದಾಗ ಹಿಲ್ಲೆವಿ ಕೋಟು ತೊಟ್ಟು ಹಿಂದೆಯೇ ನಿಂತಿದ್ದಳು.

"ನೀನೆಲ್ಲಿಗೆ? ಶಾಲೆ ಇಲ್ವಾ?"

"ರಜೆ ಹಾಕಿದೀನಿ."

"ದಿನವಿಡೀ ಕೂರ್ಬೇಕಾಗುತ್ತೆ. ಅಲ್ಲಿ ನೋಡೋಕೆ ಏನಿಲ್ಲ. ಬರೀ ಕುರ್ಚಿ, ಯಂತ್ರ."

"ಗೊತ್ತು. ಇಷ್ಟು ವರ್ಷದಲ್ಲಿ ಒಂದ್ಸಲನೂ ಬಂದಿಲ್ಲ ನಾನು. ಈಗ ಬರ್ತೀನಿ."

ತೌನೊ ಅವಳ ಮುಖವನ್ನೇ ನೋಡಿದ. ಹಿಂದಿನ ಸೀಟಿಗೆ ಹತ್ತಿ, ದಾರಿಯಲ್ಲಿ ಒರಗಲು ತಂದಿದ್ದ ದಿಂಬನ್ನು ಆಚೆ ತಳ್ಳಿ, ಅವಳಿಗೆ ಜಾಗ ಮಾಡಿಕೊಟ್ಟ.