ಶೀತಗಿರಿಯ ಕರಿ ಕೋಟು

ನಾನೊಂದು ಉಣ್ಣೆಯ ಕೋಟು. ಮೊಣಕಾಲು ಮುಚ್ಚುವಷ್ಟು ಉದ್ದ, ಕಪ್ಪು ಬಣ್ಣ, ಒಳಗೆ ದಪ್ಪನೆಯ ಅಸ್ತರು. ನಾನು ಹುಟ್ಟಿದ್ದು ದಾವಣಗೆರೆಯಲ್ಲಿ, ಚೈತ್ರದ ಉರಿಬಿಸಿಲಿನಲ್ಲಿ. ನನ್ನನ್ನು ಹೊಲಿದ ಖಾಸಿಂ ಸಾಬರು ಬರೀ ಬನಿಯನ್ನಿನಲ್ಲಿ ಕೂತು, ಬೆವರು ನನ್ನ ಮೇಲೆ ಬೀಳದಂತೆ ಹಣೆಗೆ ಟವೆಲ್ಲು ಕಟ್ಟಿಕೊಂಡು ಮಷೀನು ತುಳಿಯುತ್ತಿದ್ದರು.

"ಇಂಥಾ ಬ್ಯಾಸಿಗ್ಯಾಗೆ ಇದನ್ನ ಹಾಕ್ಕೊಳ್ಳೋನು ಯಾರಪ್ಪಾ?" ಎಂದು ಅವರು ಕೇಳಿದರು.

ಅಳತೆ ಕೊಡಲು ಬಂದಿದ್ದ ಮುರಿಗೆಪ್ಪ ನಕ್ಕ. "ನಾನೇ ಸಾಬ್ರೇ. ನಮ್ಮ ಧಾರಾವಾಹಿಯಾಗೆ ಈಗ ಹಿಮ ಬೀಳ್ತೈತೆ."

ಮುರಿಗೆಪ್ಪ ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತ ಊರೂರು ಸುತ್ತಿದವನು. ಕಂಪನಿ ಮುಚ್ಚಿದ ಮೇಲೆ ಹೆಂಡತಿ ಶಿವಗಂಗಮ್ಮ ಮತ್ತು ಮುಪ್ಪಿನ ತಾಯಿ ಹಾಲಮ್ಮನ ಎದುರು ಕೆಲಸವಿಲ್ಲದೆ ಕೂತಿದ್ದ. ಟೀವಿಯೆಂಬುದು ಓಣಿಗೊಂದು ಇದ್ದ ಕಾಲ ಅದು. ವಾರಕ್ಕೊಮ್ಮೆ ಬರುವ 'ಶೀತಗಿರಿ' ಎಂಬ ಧಾರಾವಾಹಿಯಲ್ಲಿ ಅವನಿಗೆ ಯಜಮಾನನ ಪಾತ್ರ ಸಿಕ್ಕಿತು. ಹಿಮ ಬೀಳುವ ಬೆಟ್ಟದ ಊರಿನ ಒಂದು ದೊಡ್ಡ ಮನೆಯ ಕತೆ. ಬೆಟ್ಟಕ್ಕೆ ಹೋಗುವ ಅನುಕೂಲ ಯಾರಿಗೂ ಇರಲಿಲ್ಲ. ಬೆಂಗಳೂರಿನಿಂದ ಬಂದ ನಿರ್ದೇಶಕ ವಾದಿರಾಜ್ ಮುಚ್ಚಿಹೋಗಿದ್ದ ಒಂದು ಹತ್ತಿ ಗಿರಣಿಯ ಗೋಡೌನು ಹಿಡಿದು, ಅಲ್ಲೇ ಶೀತಗಿರಿ ಕಟ್ಟಿದರು. ಮೂಲೆಯಲ್ಲಿ ಉಳಿದಿದ್ದ ಹತ್ತಿಯ ಕಸವನ್ನೇ ಕಿಟಕಿಯಾಚೆ ಹಿಮವೆಂದು ಹರಡಿದರು. ಗೋಡೆಯ ಗೂಡಿನಲ್ಲಿ ಕೆಂಪು ಬಲ್ಬು ಉರಿಸಿ ಬೆಂಕಿ ಎಂದರು. ಹೆಂಗಸರು ಶಾಲು ಹೊದ್ದರು, ಗಂಡಸರು ಮಫ್ಲರು ಸುತ್ತಿಕೊಂಡರು. ಮುರಿಗೆಪ್ಪ ನನ್ನನ್ನು ತೊಟ್ಟ.

ಮೇಲೆ ಕಾದ ತಗಡಿನ ಮಾಡು, ಸುತ್ತ ದೊಡ್ಡ ದೊಡ್ಡ ಲೈಟು. ಗಾಳಿಗೆ ಹತ್ತಿ ಹಾರುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ. ಅವನ ಬೆವರು ಮೊದಲು ಕತ್ತಿನಿಂದ, ಆಮೇಲೆ ಬೆನ್ನಿನಿಂದ ಇಳಿದು ನನ್ನ ಅಸ್ತರನ್ನು ನೆನೆಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಾನು ಒದ್ದೆ ಚೀಲದಂತೆ ಅವನ ಹೆಗಲಿಗೆ ಜೋತುಬೀಳುತ್ತಿದ್ದೆ. ಮೈಕಿನ ತಂತಿ ನನ್ನೊಳಗಿಂದ ಹಾಯಿಸಿದ್ದರಿಂದ ಶಾಟ್‌ಗಳ ನಡುವೆಯೂ ಬಿಡುವಿರಲಿಲ್ಲ.

"ಮುರಿಗೆಪ್ಪನೋರೇ, ಗುಂಡಿ ಮಾತ್ರ ಬಿಚ್ಚಬೇಡಿ. ಮತ್ತೆ ಎಲ್ಲಾ ಹೊಂದಿಸೋಕೆ ಹೊತ್ತಾಗುತ್ತೆ" ಎನ್ನುತ್ತಿದ್ದರು ವಾದಿರಾಜ್.

ಬುತ್ತಿ ತಂದ ಶಿವಗಂಗಮ್ಮ ಒಮ್ಮೆ ಅವನ ಮುಖ ನೋಡಿ ಹೆದರಿದಳು. "ಉಣ್ಣೋ ಹೊತ್ತಿಗಾದ್ರೂ ಬಿಚ್ರಿ ಅದನ್ನ. ಮೈ ಕೆಂಡ ಆಗೈತೆ."

"ಸುಮ್ನಿರೇ," ಎಂದು ಅವನು ದನಿ ತಗ್ಗಿಸಿದ. "ಸೆಕೆ ಅಂದ್ರೆ ನಾಳೆ ಬೇರೆಯೋರನ್ನ ಕರೀತಾರೆ. ಈಗೀಗ ಓಣಿಯಾಗೆ ಜನ ನನ್ನ ಯಜಮಾನ್ರೇ ಅಂತ ಮಾತಾಡಸ್ತಾರೆ. ಅವ್ವ ಅದನ್ನ ಕೇಳಿ ಎಷ್ಟು ಹಿಗ್ತಾಳೆ, ನೋಡಿಲ್ಲೇನು?"

ವೈಶಾಖದ ಒಂದು ಮಧ್ಯಾಹ್ನ ಅವನ ಬೆವರು ನಿಂತುಹೋಯಿತು. ಮೈ ಒಣಗಿ, ಸುಡುತ್ತ, ನನ್ನೊಳಗೆ ಗಡಗಡ ನಡುಗಿತು. "ವಾಹ್! ಚಳಿ ಅಂದ್ರೆ ಇದು!" ಎಂದರು ವಾದಿರಾಜ್. ಯಜಮಾನ ಬೆಂಕಿಯೆದುರು ಕುರ್ಚಿಯಲ್ಲಿ ಮಲಗಿರುವಾಗ ಅವನ ಬೆನ್ನ ಹಿಂದೆ ಮಗ ಸೊಸೆ ಆಸ್ತಿಗಾಗಿ ಪಿಸುದನಿಯಲ್ಲಿ ಜಗಳವಾಡುವ ದೃಶ್ಯ ಅದು. ಮುರಿಗೆಪ್ಪ ಕುರ್ಚಿಗೊರಗಿ ಕಣ್ಣು ಮುಚ್ಚಿದ. ಅವನ ಎದೆ ನನ್ನ ಒಳಜೇಬಿಗೆ ಒತ್ತಿಕೊಂಡಿತ್ತು. ಅದರ ಬಡಿತ ಓಡಿತು, ಮುಗ್ಗರಿಸಿತು, ಮತ್ತೆ ಓಡಿತು. ಆಮೇಲೆ ಇಲ್ಲ. ಮಗ ಸೊಸೆಯ ಜಗಳ ಇನ್ನೂ ನಡೆದೇ ಇತ್ತು. ಅದು ಮುಗಿದು, ವಾದಿರಾಜ್ ಮೆಚ್ಚಿದ ಮೇಲೆ, ಲೈಟಿನ ಕೊಟ್ರೇಶಿ ಮೈಕು ತೆಗೆಯಲೆಂದು ಮುರಿಗೆಪ್ಪನ ಕತ್ತಿಗೆ ಕೈಹಾಕಿದ.

"ಸಾರ್," ಎಂದ ಕೊಟ್ರೇಶಿ. ಕೈ ತೆಗೆದು ಹಿಂದೆ ಸರಿದ.

ಹೆಣ ಸಾಗಿಸುವ ಮೊದಲು ನನ್ನನ್ನು ಬಿಚ್ಚಿ ತೆಗೆದರು. ನಾನು ಧಾರಾವಾಹಿಯ ಬಟ್ಟೆಯಲ್ಲವೇ, ಅವನ ಜೊತೆ ಹೋಗುವಂತಿರಲಿಲ್ಲ.

ಆ ದೃಶ್ಯ ಹಾಗೆಯೇ ಟೀವಿಯಲ್ಲಿ ಬಂತು. ಕತೆಗೆ ಯಜಮಾನ ಇನ್ನೂ ಬೇಕಾಗಿದ್ದ. ಅದೇ ಎತ್ತರದ ಕೊಟ್ರೇಶಿಗೆ ನನ್ನನ್ನು ತೊಡಿಸಿ, ಕಿಟಕಿಯ ಕಡೆ ಮುಖ ಮಾಡಿ ನಿಲ್ಲಿಸಿದರು. ಬೆನ್ನು ಮಾತ್ರ ಕಾಣುತ್ತಿತ್ತು. ದನಿ ಇನ್ಯಾರದೋ. ಕೊಟ್ರೇಶಿ ನನ್ನ ತೋಳಿಗೆ ಕೈ ತೂರಿಸುವಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಹೀಗಿರುವಾಗ ಒಂದು ದಿನ ಶಿವಗಂಗಮ್ಮ ಗೋಡೌನಿಗೆ ಬಂದಳು. ಕೊಟ್ರೇಶಿ ಕಿಟಕಿಯ ಬಳಿ ನನ್ನನ್ನು ತೊಟ್ಟು ನಿಂತಿದ್ದ. ಅವಳು ಆ ಬೆನ್ನನ್ನು ಒಂದು ಗಳಿಗೆ ನೋಡಿ, ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ವಾದಿರಾಜರ ಮುಂದೆ ನಿಂತಳು.

"ನಮ್ಮತ್ತೆ ತನ್ನ ಕೈಯಾರೆ ಮಗನಿಗೆ ಮಣ್ಣು ಹಾಕಿದ್ರು, ಸಾರ್. ಅತ್ರು, ಎದೆ ಬಡ್ಕೊಂಡ್ರು. ಆಮ್ಯಾಲೆ ಎದುರುಮನೆ ಟೀವ್ಯಾಗೆ ನಮ್ಮೋರು ಕುರ್ಚಿ ಮ್ಯಾಲೆ ಮಲಗಿದ್ದು ಕಂಡ್ರು. ನನ್ನ ಮಗ ಮಲಗ್ಯಾನೆ, ಸದ್ದು ಮಾಡಬ್ಯಾಡ್ರಿ ಅಂತ ಹುಡುಗ್ರನ್ನ ಗದರಿದ್ರು. ಅವತ್ತಿನಿಂದ ನನ್ನ ಮಾತು ನಂಬಂಗಿಲ್ಲ. ನನ್ನ ಹಣೆ ಬೋಳಾಗಿದ್ದು ನೋಡಿ ಬೈತಾರೆ, ಗಂಡ ಇರೋಳು ಕುಂಕುಮ ಇಡೇ ಅಂತಾರೆ. ಉಣ್ಣೋ ಹೊತ್ತಿಗೆ ಮಗನದೂ ಒಂದು ತಟ್ಟೆ ದಿನಾ ಹಾಕಬೇಕು." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಕತೆಯಾಗೂ ಅವರನ್ನ ಸಾಯಿಸಿಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ವಾದಿರಾಜ್ ಕೆಟ್ಟವರಲ್ಲ. "ಅಮ್ಮಾ, ಮಗಳ ಮದುವೆ ಮುಗಿಯೋವರೆಗೂ ಯಜಮಾನರು ಇರಲೇಬೇಕು. ಕತೆ ಹಂಗಿದೆ."

"ಯಾರ ಮಗಳು?" ಎಂದಳು ಶಿವಗಂಗಮ್ಮ. "ನಮಗೆ ಮಕ್ಕಳೇ ಇಲ್ಲ, ಸಾರ್."

ಕಿಟಕಿಯ ಬಳಿಯಿಂದ ಕೊಟ್ರೇಶಿ ಬಂದ. ಗುಂಡಿ ಬಿಚ್ಚಿ, ನನ್ನನ್ನು ಮಡಚಿ ಅವಳ ಕೈಗಿಟ್ಟ. "ತಗೊಂಡ್ ಹೋಗ್ರಿ, ಅಕ್ಕಾ. ನಾನಿನ್ನು ಇದನ್ನ ಹಾಕ್ಕೊಳ್ಳಲ್ಲ." ವಾದಿರಾಜ್ ತಲೆ ತಗ್ಗಿಸಿ ಕೂತೇ ಇದ್ದರು. ಬೇಡ ಎನ್ನಲಿಲ್ಲ.

ಹಾಲಮ್ಮ ಜಗಲಿಯ ಮೇಲೆ ಕೂತಿದ್ದಳು. ಸೊಸೆ ನನ್ನನ್ನು ಅವಳ ಮಡಿಲಿಗೆ ಹಾಕಿ, "ಅವರ ಕೋಟು, ಅತ್ತೆ" ಎಂದಳು. ಮುದುಕಿಯ ಒಣಗಿದ ಬೆರಳು ನನ್ನ ಹೆಗಲ ಮೇಲೆ, ತೋಳಿನ ಮೇಲೆ ಆಡಿತು. ಕಾಲರನ್ನು ಮೂಗಿಗೆ ಹಿಡಿದಳು. ಅವಳ ಮುಖ ಅರಳಿತು. ಮತ್ತೊಮ್ಮೆ ಮೂಸಿದಳು, ಈ ಸಲ ಬಹಳ ಹೊತ್ತು.

"ಇದ್ರಾಗೆ ಬ್ಯಾರೆಯೋನ ಬೆವರೂ ಐತಲ್ಲೇ."

"ಹೂಂ, ಅತ್ತೆ. ಅವರು ಹೋದ ಮ್ಯಾಲೆ ಬ್ಯಾರೆಯೋರು ಹಾಕ್ಕೊಂಡಿದ್ರು."

ಹಾಲಮ್ಮ ನನ್ನನ್ನು ಕೆಳಗಿಡಲಿಲ್ಲ. ಎದುರುಮನೆಯ ಕಡೆ ನೋಡುತ್ತ ಕೂತಳು. "ಹಂಗಾರೆ ಅವತ್ತು ಕುರ್ಚಿ ಮ್ಯಾಲೆ ಅವನು ಮಲಗಿದ್ದಲ್ಲೇನೇ?"

ಶಿವಗಂಗಮ್ಮ ಅತ್ತೆಯ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಮುದುಕಿಯ ಬಾಯಿಂದ ಬಂದ ಕೂಗು ಓಣಿಗೆಲ್ಲ ಕೇಳಿಸಿತು.

ಮುಂದೆ ಹಾಲಮ್ಮ ಟೀವಿ ಇರುವ ಮನೆಯ ಹೊಸ್ತಿಲು ತುಳಿಯಲಿಲ್ಲ. ಶೀತಗಿರಿಯ ಮಗಳ ಮದುವೆ ಆಯಿತೋ ಇಲ್ಲವೋ, ನನಗೂ ಗೊತ್ತಿಲ್ಲ. ನನ್ನನ್ನು ಗೋಡೆಯ ಮೊಳೆಗೆ ತೂಗುಹಾಕಿದ್ದರು. ಹಾಲಮ್ಮ ಒಗೆಯಗೊಡಲಿಲ್ಲ. ಊಟ ಕಡಿಮೆಯಾಗಿ, ಮಾತು ಕಡಿಮೆಯಾಗಿ, ಮಾಘ ಬರುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು.

ಆ ವರ್ಷ ದಾವಣಗೆರೆಗೂ ಚಳಿ ಬಂತು. ಒಂದು ಮುಂಜಾನೆ ಅತ್ತೆಯ ತಣ್ಣನೆಯ ಪಾದ ಮುಟ್ಟಿದ ಶಿವಗಂಗಮ್ಮ, ಕೌದಿಯ ಮೇಲೆ ನನ್ನನ್ನೂ ತಂದು ಹೊದಿಸಿದಳು. ಚಳಿಗೆಂದು ಹೊಲಿದ ಬಟ್ಟೆ ನಾನು. ಚಳಿಯಲ್ಲಿ ಒಂದು ಮೈಯನ್ನು ಮುಚ್ಚಿದ್ದು ಅದೇ ಮೊದಲು. ನನ್ನಲ್ಲಿದ್ದ ಬಿಸುಪನ್ನೆಲ್ಲ ಕೊಡಬೇಕೆಂದು ನಾನು ಅವಳಿಗೆ ಒತ್ತಿಕೊಂಡೆ. ಮುದುಕಿ ಕಣ್ಣು ತೆರೆಯಲಿಲ್ಲ. ಕೈ ಮಾತ್ರ ಎದ್ದು, ನನ್ನ ಗುಂಡಿಗಳನ್ನು ತಡಕಿ, ಒಂದೊಂದಾಗಿ ಬಿಚ್ಚತೊಡಗಿತು.

"ತೆಗಿಯೇ ಇದನ್ನ," ಎಂದಳು. "ಅವನಿಗೆ ಸೆಕೆ."

ಶಿವಗಂಗಮ್ಮ ನನ್ನನ್ನು ತೆಗೆದಳು. ಬಿಸಿಲೇರುವ ಮೊದಲೇ ಹಾಲಮ್ಮ ತೀರಿಕೊಂಡಳು.

ಆಮೇಲೆ ಶಿವಗಂಗಮ್ಮ ನನ್ನನ್ನು ಟ್ರಂಕಿನ ತಳದಲ್ಲಿಟ್ಟಳು. ನುಸಿ ನನ್ನ ಬೆನ್ನನ್ನು ತಿಂದಿದೆ, ಅಸ್ತರು ಪುಡಿಯಾಗಿದೆ. ಯಾರೂ ಮುಚ್ಚಳ ತೆಗೆಯದೆ ಬಹಳ ಕಾಲವಾಯಿತು. ಹೊರಗೆ ಈಗ ಬೇಸಿಗೆಯೋ ಚಳಿಗಾಲವೋ, ಕೇಳಿ ತಿಳಿಯೋಣವೆಂದರೆ ಮನೆಯಲ್ಲಿ ಶಿವಗಂಗಮ್ಮನ ದನಿಯೂ ಇಲ್ಲ.